ಜಪಾನಿನ ಶಾಲೆಯಲ್ಲಿ ಐಬಿ ಪಾಠ: ಒಂದು ತರಗತಿ, ಎರಡು ಲೆಕ್ಕ

ಬೆಂಗಳೂರಿನ ಅಂತಾರಾಷ್ಟ್ರೀಯ ಶಾಲೆಯಲ್ಲಿ ನಾಲ್ಕಾರು ವರ್ಷ ಐಬಿ ಕಲಿಸಿದವರಿಗೆ ಜಪಾನಿನಿಂದ ಕೆಲಸದ ಕರೆ ಬಂದರೆ ಮೊದಲು ಅನಿಸುವುದು ಇಷ್ಟೇ: ವಿಷಯ ಅದೇ, ಪಠ್ಯಕ್ರಮ ಅದೇ, ಪರೀಕ್ಷೆ ನಡೆಸುವ ಸಂಸ್ಥೆಯೂ ಅದೇ, ಊರೊಂದು ಬದಲಾಗುತ್ತದೆ, ಅಷ್ಟೇ ತಾನೆ? ಸೇರಿ ಒಂದು ಅವಧಿ ಕಳೆಯುವಷ್ಟರಲ್ಲಿ ಈ ಎಣಿಕೆ ತಲೆಕೆಳಗಾಗುತ್ತದೆ. ವಾರಕ್ಕೆ ಇಷ್ಟು ಪಾಠವೆಂದು ಹಾಕಿಕೊಂಡ ಯೋಜನೆ ಕ್ರೀಡಾದಿನದ ತಾಲೀಮಿನಲ್ಲಿ ಕರಗುತ್ತದೆ. ಐಬಿ ಮಾನದಂಡದಂತೆ ಕೊಟ್ಟ ಅಂಕವನ್ನು ಶಾಲೆ ಇನ್ನೊಂದು ಅಳತೆಯಲ್ಲಿ ಮತ್ತೆ ಕೇಳುತ್ತದೆ. ‘ಯಾರಿಗಾದರೂ ಸಂದೇಹ ಇದೆಯಾ?’ ಎಂದರೆ ಇಡೀ ತರಗತಿ ತಲೆ ತಗ್ಗಿಸಿ ಕೂರುತ್ತದೆ. ಸ್ಟಾಫ್ ರೂಮಿನಲ್ಲಿ ಆದ ತೀರ್ಮಾನ ಎರಡು ದಿನ ತಡವಾಗಿ ಕಿವಿಗೆ ಬೀಳುತ್ತದೆ.

ಈ ಎಲ್ಲ ತಲೆನೋವಿನ ಮೂಲ ಒಂದೇ ಕಡೆ ಇದೆ. ಇಲ್ಲಿ ಪಠ್ಯಕ್ರಮ ಅಂತಾರಾಷ್ಟ್ರೀಯ, ಶಾಲೆ ಮಾತ್ರ ಜಪಾನಿನದು. ನಿಮ್ಮ ವಿದ್ಯಾರ್ಥಿ ಐಬಿ ಡಿಪ್ಲೊಮಾ ಪಡೆಯಬೇಕು, ಜೊತೆಗೆ ಜಪಾನಿನ ಪ್ರೌಢಶಿಕ್ಷಣ ಪ್ರಮಾಣಪತ್ರವನ್ನೂ ಪಡೆಯಬೇಕು. ಆದ್ದರಿಂದ ನೀವು ಮಾಡುವ ಪಾಠ, ಹಾಕುವ ಅಂಕ, ಹಿಡಿಯುವ ಹಾಜರಿ ಎಲ್ಲಕ್ಕೂ ಎರಡು ಕಡೆ ಲೆಕ್ಕ ಒಪ್ಪಿಸಬೇಕು. ಇದು ಮೊದಲೇ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ.

ಹಿನ್ನೆಲೆ ಚುಟುಕಾಗಿ ಹೀಗಿದೆ. ಶಿಜುಓಕಾ ಪ್ರಾಂತ್ಯದ ನುಮಜು ನಗರದ ಕತೋ ಗಕುಎನ್ ಸಂಸ್ಥೆ 1992ರಲ್ಲೇ ಜಪಾನಿ ಮಕ್ಕಳಿಗೆ ಇಂಗ್ಲಿಷ್‌ನಲ್ಲಿ ಪಾಠ ಹೇಳುವ ಇಮರ್ಶನ್ ತರಗತಿ ತೆರೆದು, ಮುಂದೆ ಐಬಿಗೂ ಬಂತು. 2013ರಲ್ಲಿ ಜಪಾನ್ ಸರ್ಕಾರ ಐಬಿ ಶಾಲೆಗಳ ಸಂಖ್ಯೆಯನ್ನು 200ಕ್ಕೆ ಏರಿಸುವ ಗುರಿ ಹಾಕಿಕೊಂಡಿತು. ಅದೇ ವರ್ಷ ಅಲ್ಲಿನ ಶಿಕ್ಷಣ ಸಚಿವಾಲಯ ಐಬಿ ಸಂಸ್ಥೆಯೊಡನೆ ಮಾತುಕತೆ ನಡೆಸಿ, ಡಿಪ್ಲೊಮಾದ ಕೆಲವು ವಿಷಯಗಳನ್ನು ಜಪಾನಿ ಭಾಷೆಯಲ್ಲೇ ಕಲಿಸುವ ದ್ವಿಭಾಷಾ ಡಿಪ್ಲೊಮಾಕ್ಕೆ ದಾರಿ ಮಾಡಿಕೊಂಡಿತು. ಆಮೇಲೆ ಖಾಸಗಿ ಶಾಲೆಗಳಷ್ಟೇ ಅಲ್ಲ, ಟೋಕಿಯೊ ಮಹಾನಗರ ಆಡಳಿತದ ಕೊಕುಸಾಯ್ ಹೈಸ್ಕೂಲು, 2015ರಲ್ಲಿ ಶುರುವಾದ ಸಪ್ಪೊರೊ ನಗರದ ಕೈಸೇ ಶಾಲೆಯಂಥ ಸರ್ಕಾರಿ ಶಾಲೆಗಳೂ ಐಬಿ ಹಿಡಿದವು. ಇಂಗ್ಲಿಷ್‌ನಲ್ಲಿ ವಿಜ್ಞಾನ, ಗಣಿತ ಹೇಳಬಲ್ಲ ಶಿಕ್ಷಕರಿಗೆ ಬೇಡಿಕೆ ಬಂದದ್ದು ಹೀಗೆ.

1. ಮೊದಲು ಶಾಲೆಯ ವರ್ಗ ತಿಳಿದುಕೊಳ್ಳಿ

ಹೆಸರಿನಲ್ಲಿ ‘ಇಂಟರ್‌ನ್ಯಾಷನಲ್’ ಎಂದಿದ್ದ ಮಾತ್ರಕ್ಕೆ ಎಲ್ಲ ಶಾಲೆಯೂ ಒಂದೇ ಅಲ್ಲ. ಕಾನೂನಿನ ಕಣ್ಣಿಗೆ ಮುಖ್ಯವಾಗಿ ಎರಡು ಬಗೆ.

ಮೊದಲನೆಯದು ಇಚಿಜೋಕೋ. ಜಪಾನಿನ ಶಾಲಾ ಶಿಕ್ಷಣ ಕಾಯ್ದೆಯ ಒಂದನೆಯ ವಿಧಿಯಡಿ ಬರುವ ಶಾಲೆ. ರಾಷ್ಟ್ರೀಯ ಪಠ್ಯಕ್ರಮ ಪಾಲಿಸಲೇಬೇಕು, ಶಿಕ್ಷಕರಿಗೆ ಜಪಾನಿನ ಬೋಧನಾ ಪರವಾನಗಿ ಇರಬೇಕು. ಮಕ್ಕಳಲ್ಲಿ ಬಹುತೇಕರು ಜಪಾನಿಗಳು. ಎರಡನೆಯದು ಕಕುಶು ಗಕ್ಕೋ, ಅಂದರೆ ‘ಇತರ ಶಾಲೆ’ಗಳ ಗುಂಪು. ವಿದೇಶಿ ಕುಟುಂಬಗಳ ಮಕ್ಕಳು ಓದುವ ಬಹಳಷ್ಟು ಇಂಗ್ಲಿಷ್ ಮಾಧ್ಯಮದ ಅಂತಾರಾಷ್ಟ್ರೀಯ ಶಾಲೆಗಳು ಈ ಗುಂಪಿನವು. ಅವಕ್ಕೆ ರಾಷ್ಟ್ರೀಯ ಪಠ್ಯಕ್ರಮದ ಕಟ್ಟಿಲ್ಲ. 2004ರಲ್ಲಿ ಟೋಕಿಯೊದಲ್ಲಿ ಆರಂಭವಾದ ಇಂಡಿಯಾ ಇಂಟರ್‌ನ್ಯಾಷನಲ್ ಸ್ಕೂಲ್‌ನಂಥ ಭಾರತೀಯ ಶಾಲೆಗಳ ಲೋಕವೂ ಬೇರೆಯೇ. ಅಲ್ಲಿ ಸಿಬಿಎಸ್‌ಇ ನಡೆಯುತ್ತದೆ, ನಮ್ಮ ಶಿಕ್ಷಕರಿಗೆ ಹೊಸತೆನಿಸುವುದು ಕಡಿಮೆ.

ಈ ಲೇಖನ ಹೇಳುತ್ತಿರುವುದು ಮೊದಲ ಬಗೆಯ ಶಾಲೆಯ ಬಗ್ಗೆ. ಸಂದರ್ಶನದಲ್ಲೇ ನೇರವಾಗಿ ಕೇಳಿ: ‘ನಿಮ್ಮದು ಇಚಿಜೋಕೋ ಹೌದೇ? ಐಬಿ ಇಡೀ ಶಾಲೆಗೋ, ಒಂದು ಕೋರ್ಸಿಗೋ?’ ಒಂದು ಕೋರ್ಸಿಗೆ ಮಾತ್ರ ಎಂದಾದರೆ, ಸಾವಿರ ಮಕ್ಕಳ ಶಾಲೆಯಲ್ಲಿ ಇಪ್ಪತ್ತು ಮೂವತ್ತು ಮಕ್ಕಳ ಒಂದು ತರಗತಿ ನಿಮ್ಮದು. ವೇಳಾಪಟ್ಟಿ, ಗಂಟೆ, ರಜೆ, ಸಭೆ ಎಲ್ಲವೂ ಉಳಿದ ಮಕ್ಕಳ ಅನುಕೂಲಕ್ಕೆ ನಿಗದಿಯಾಗಿರುತ್ತವೆ.

2. ಪರವಾನಗಿ, ವೀಸಾ, ಕಾಗದಪತ್ರ

ನಿಮ್ಮ ಬಿ.ಎಡ್. ಪದವಿ ಅಲ್ಲಿ ತಾನಾಗಿಯೇ ಬೋಧನಾ ಪರವಾನಗಿ ಆಗುವುದಿಲ್ಲ. ವಿದೇಶಿ ಶಿಕ್ಷಕರಿಗೆ ಸಾಮಾನ್ಯವಾಗಿ ಎರಡು ದಾರಿ ಇವೆ.

ತೊಕುಬೆತ್ಸು ಮೆನ್ಕ್ಯೊ, ಅಂದರೆ ವಿಶೇಷ ಪರವಾನಗಿ: ವಿಷಯದಲ್ಲಿ ಪರಿಣತಿ, ಅನುಭವ ಇರುವವರಿಗೆ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಡುತ್ತದೆ. ನೀವಾಗಿಯೇ ಅರ್ಜಿ ಹಾಕಿ ಪಡೆಯುವಂಥದ್ದಲ್ಲ. ನೇಮಿಸಿಕೊಳ್ಳುವ ಶಾಲೆ ಶಿಫಾರಸು ಮಾಡಬೇಕು. ಆ ಪ್ರಾಂತ್ಯದೊಳಗೆ ಮಾತ್ರ ಅದು ನಡೆಯುತ್ತದೆ. ಶಾಲೆ ಬದಲಿಸಿ ಇನ್ನೊಂದು ಪ್ರಾಂತ್ಯಕ್ಕೆ ಹೋದರೆ ಮತ್ತೆ ಮೊದಲಿನಿಂದ.

ರಿಂಜಿ ಮೆನ್ಕ್ಯೊ, ಅಂದರೆ ತಾತ್ಕಾಲಿಕ ಪರವಾನಗಿ: ಸಾಮಾನ್ಯ ಪರವಾನಗಿ ಇರುವವರು ಸಿಗದಿದ್ದಾಗ ಕೊಡುವುದು. ಅವಧಿ 3 ವರ್ಷ.

ವೀಸಾ ವಿಷಯದಲ್ಲಿ, ಶಾಲೆಯೇ ನೇರವಾಗಿ ನೇಮಿಸಿಕೊಂಡರೆ ‘ಬೋಧಕ’ ವರ್ಗ ಸಿಗುತ್ತದೆ. ಜಪಾನಿನಲ್ಲಿ ಶಾಲೆ ಮೊದಲು ಅರ್ಹತಾ ಪ್ರಮಾಣಪತ್ರ ಪಡೆದು ನಿಮಗೆ ಕಳಿಸುತ್ತದೆ. ಅದನ್ನಿಟ್ಟುಕೊಂಡು ಇಲ್ಲಿ ವೀಸಾಗೆ ಅರ್ಜಿ. ಏಪ್ರಿಲ್‌ನಲ್ಲಿ ಶಾಲೆ ಶುರುವಾಗುವುದರಿಂದ ಹಿಂದಿನ ಶರತ್ಕಾಲದಲ್ಲೇ ಕಾಗದಪತ್ರದ ಓಡಾಟ ಆರಂಭವಾಗಬೇಕು.

ಕನ್ನಡಿಗರು ವಿಶೇಷವಾಗಿ ಗಮನಿಸಬೇಕಾದದ್ದು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪದವಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಹಿಂದೆ, ಪಾಸ್‌ಪೋರ್ಟಿನಲ್ಲಿ ಅದೇ ಅಕ್ಷರ ಊರಿನ ಹೆಸರೋ ಅಪ್ಪನ ಹೆಸರೋ ಆಗಿ ಬಿಡಿಸಿದ ರೂಪ. ನಮಗೆ ಇದು ಮಾಮೂಲು. ಪರವಾನಗಿ ಅರ್ಜಿ ನೋಡುವ ಜಪಾನಿ ಗುಮಾಸ್ತರಿಗೆ ಈ ಮೂರು ಹೆಸರೂ ಮೂವರು ಬೇರೆ ಬೇರೆ ವ್ಯಕ್ತಿಗಳವು. ಎಲ್ಲ ದಾಖಲೆಗಳೂ ಒಬ್ಬರವೇ ಎಂದು ತಿಳಿಸುವ ಅಫಿಡವಿಟ್ ಹೊರಡುವ ಮುನ್ನವೇ ಮಾಡಿಸಿಟ್ಟುಕೊಳ್ಳಿ. ಜೊತೆಗೆ ಪದವಿ, ಬಿ.ಎಡ್., ಅನುಭವ ಪತ್ರ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದ್ದಕ್ಕೆ ಶಾಲಾಕಾಲೇಜುಗಳ ಪತ್ರ, ಪೊಲೀಸ್ ಕ್ಲಿಯರೆನ್ಸ್ ಇರಲಿ. ಯಾವುದಕ್ಕೆ ಅಪೊಸ್ಟಿಲ್ ಮುದ್ರೆ ಬೇಕೆಂದು ಶಾಲೆಯನ್ನೇ ಕೇಳಿ. ಅನುಭವ ಪತ್ರದಲ್ಲಿ ಯಾವ ವಿಷಯ, ಯಾವ ತರಗತಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದು ಬಿಡಿಬಿಡಿಯಾಗಿರಲಿ. ‘ಉತ್ತಮ ನಡತೆಯಿಂದ ಸೇವೆ ಸಲ್ಲಿಸಿದ್ದಾರೆ’ ಎಂಬ ಒಂದು ಸಾಲಿನ ಪತ್ರದಿಂದ ಅಲ್ಲಿ ಏನೂ ನಡೆಯದು.

3. ಪಾಠದ ಗಂಟೆ ಎಣಿಸಿ

ಜಪಾನಿನ ಶಾಲಾ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಐಬಿ ಅಂತಿಮ ಪರೀಕ್ಷೆ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್. ಮಾರ್ಚ್‌ನಲ್ಲಿ ಶಾಲೆ ಮುಗಿಸಿ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯ ಸೇರಬೇಕಾದ ಮಕ್ಕಳಿಗೆ ಮೇ ಪರೀಕ್ಷೆ ಹೊಂದುವುದಿಲ್ಲ. ಹಾಗಾಗಿ ಇಂಥ ಶಾಲೆಗಳಲ್ಲಿ ಹೆಚ್ಚಿನವು ನವೆಂಬರ್ ಪರೀಕ್ಷೆ ಆರಿಸಿಕೊಳ್ಳುತ್ತವೆ.

ಇದರಿಂದ ಏನಾಗುತ್ತದೆಂದು ಒಂದು ಲೆಕ್ಕ ಹಾಕಿ ನೋಡೋಣ. ಹೈಯರ್ ಲೆವೆಲ್ ವಿಷಯಕ್ಕೆ ಐಬಿ ಹೇಳುವುದು 240 ಗಂಟೆ. ಜಪಾನಿನ ಹೈಸ್ಕೂಲಿನಲ್ಲಿ ಒಂದು ಪೀರಿಯಡ್ 50 ನಿಮಿಷ; ಅಂಥ 35 ಪೀರಿಯಡ್‌ಗೆ ಒಂದು ಕ್ರೆಡಿಟ್. 240 ಗಂಟೆ ಎಂದರೆ 288 ಪೀರಿಯಡ್, ಅಂದರೆ 8 ಕ್ರೆಡಿಟ್‌ಗಿಂತ ತುಸು ಹೆಚ್ಚು. ವಾರಕ್ಕೆ 4 ಪೀರಿಯಡ್‌ನಂತೆ ಎರಡು ವರ್ಷ ಕಲಿಸಿದರೆ 280 ಪೀರಿಯಡ್ ಆಯಿತಲ್ಲ, ಸಾಕು ಎಂದು ವೇಳಾಪಟ್ಟಿ ಮಾಡುವವರಿಗೆ ಅನಿಸುವುದು ಸಹಜ. ಆದರೆ ಅಂತಿಮ ವರ್ಷ ಪರೀಕ್ಷೆಗೆ ಮೊದಲು ಕೈಗೆ ಸಿಗುವುದು ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ. ನಡುವೆ ಜುಲೈ ಕೊನೆಯಿಂದ ಆಗಸ್ಟ್ ಪೂರ್ತಿ ಬೇಸಿಗೆ ರಜೆ. ಉಳಿಯುವುದು ಸುಮಾರು 21 ವಾರ. ಹಿಂದಿನ ವರ್ಷದ 35 ವಾರ ಸೇರಿಸಿದರೆ 56 ವಾರ. ವಾರಕ್ಕೆ 4ರಂತೆ 224 ಪೀರಿಯಡ್, ಗಂಟೆಗೆ ಇಳಿಸಿದರೆ ಸುಮಾರು 187. ಐವತ್ತಕ್ಕೂ ಹೆಚ್ಚು ಗಂಟೆ ಕೊರತೆ! ವಾರಕ್ಕೆ 5 ಪೀರಿಯಡ್ ಸಿಕ್ಕರೆ 233 ಗಂಟೆಯಾಗುತ್ತದೆ. ಅಷ್ಟಾದರೆ ಹೇಗೋ ನಿಭಾಯಿಸಬಹುದು.

ಈ ಲೆಕ್ಕದಿಂದಲೂ ಕಳೆಯಬೇಕಾದದ್ದು ಇದೆ: ಕ್ರೀಡಾದಿನ, ಸಾಂಸ್ಕೃತಿಕ ಹಬ್ಬ, ಶಾಲಾ ಪ್ರವಾಸ, ಅವಧಿ ಪರೀಕ್ಷೆಗಳು, ತೈಫೂನ್ ಎಚ್ಚರಿಕೆ ಬಂದ ದಿನದ ರಜೆ, ಫ್ಲೂ ಹಬ್ಬಿದಾಗ ತರಗತಿ ಮುಚ್ಚುವ ದಿನಗಳು. ಆದ್ದರಿಂದ:

• ಸೇರಿದ ಮೊದಲ ವಾರವೇ ಶಾಲೆಯ ವಾರ್ಷಿಕ ಕಾರ್ಯಕ್ರಮ ಪಟ್ಟಿ ಪಡೆದು, ನಿಮ್ಮ ಪೀರಿಯಡ್ ಬೀಳುವ ದಿನಗಳನ್ನು ಮಾತ್ರ ಎಣಿಸಿ. ಬಂದ ಸಂಖ್ಯೆಯಿಂದ ಹತ್ತರಲ್ಲೊಂದು ಪಾಲು ಕಳೆಯಿರಿ. ಉಳಿದಷ್ಟಕ್ಕೆ ಪಾಠ ಯೋಜನೆ ಮಾಡಿ.
• ಇಂಟರ್ನಲ್ ಅಸೆಸ್‌ಮೆಂಟ್‌ನ ಪ್ರಯೋಗ ಅಂತಿಮ ವರ್ಷದ ಬೇಸಿಗೆ ರಜೆಗೆ ಮುನ್ನ ಮುಗಿಯಲಿ. ರಜೆಯಲ್ಲಿ ಮಕ್ಕಳು ಬರೆಯಲಿ, ಸೆಪ್ಟೆಂಬರ್‌ನಲ್ಲಿ ನೀವು ಒಮ್ಮೆ ಸಲಹೆ ಕೊಡಿ. ಅಕ್ಟೋಬರ್‌ನಲ್ಲಿ ಅಂಕ, ಮಾದರಿಗಳನ್ನು ಐಬಿಗೆ ಕಳಿಸಬೇಕಾಗುತ್ತದೆ.
• ಪಠ್ಯದ ಯಾವ ಭಾಗ ಜಪಾನಿನ ರಾಷ್ಟ್ರೀಯ ಪಠ್ಯಕ್ರಮದಲ್ಲಿ ಹತ್ತನೆಯ ತರಗತಿಯಲ್ಲೇ ಬಂದಿದೆ ಎಂದು ಸಹಶಿಕ್ಷಕರನ್ನು ಕೇಳಿ. ಮಕ್ಕಳಿಗೆ ಜಪಾನಿಯಲ್ಲಿ ಗೊತ್ತಿರುವುದನ್ನು ಮೊದಲಿನಿಂದ ಹೇಳಬೇಕಿಲ್ಲ; ಇಂಗ್ಲಿಷ್ ಪದಗಳನ್ನು ಜೋಡಿಸಿಕೊಟ್ಟರೆ ಸಾಕು. ಕಳೆದುಹೋದ ಗಂಟೆಗಳಲ್ಲಿ ಒಂದಷ್ಟು ಇಲ್ಲಿ ವಾಪಸ್ ಸಿಗುತ್ತವೆ.

4. ಒಂದು ಕೆಲಸಕ್ಕೆ ಎರಡು ಅಂಕ

ಐಬಿ ವಿಷಯವೊಂದಕ್ಕೆ 1ರಿಂದ 7ರವರೆಗೆ ಗ್ರೇಡ್. ಜಪಾನಿನ ಶಾಲೆಯಲ್ಲಿ ಹ್ಯೋತೇ ಎಂಬ 1ರಿಂದ 5ರ ಗ್ರೇಡ್. ಹ್ಯೋತೇಗೆ ಬರುವ ಮುನ್ನ ಮೂರು ನೋಟಗಳಲ್ಲಿ ಮಗುವನ್ನು ಅಳೆಯಬೇಕು: ಜ್ಞಾನ ಮತ್ತು ಕೌಶಲ; ಯೋಚನೆ, ನಿರ್ಧಾರ, ಅಭಿವ್ಯಕ್ತಿ; ಕಲಿಕೆಯ ಕಡೆಗಿನ ಮನೋಭಾವ. ಹೈಸ್ಕೂಲುಗಳಲ್ಲಿ ಈ ಮೂರು ನೋಟಗಳ ಪದ್ಧತಿ 2022ರ ಹೊಸ ಪಠ್ಯಕ್ರಮದೊಂದಿಗೆ ಬಂತು. ಪ್ರತಿ ನೋಟಕ್ಕೂ ಎ, ಬಿ, ಸಿ.

ಈಗ ಜೀವಶಾಸ್ತ್ರದ ಒಂದು ಇಂಟರ್ನಲ್ ಅಸೆಸ್‌ಮೆಂಟ್ ತೆಗೆದುಕೊಳ್ಳಿ. 2025ರಿಂದ ಪರೀಕ್ಷೆಗೆ ಬಂದ ಪಠ್ಯದಲ್ಲಿ ಇದಕ್ಕೆ 24 ಅಂಕ, ಒಟ್ಟು ಗ್ರೇಡಿನಲ್ಲಿ ಶೇ. 20 ತೂಕ. ಸಂಶೋಧನಾ ವಿನ್ಯಾಸ, ದತ್ತಾಂಶ ವಿಶ್ಲೇಷಣೆ, ತೀರ್ಮಾನ, ಮೌಲ್ಯಮಾಪನ ಎಂಬ ನಾಲ್ಕು ಮಾನದಂಡ, ಒಂದೊಂದಕ್ಕೆ 6. ಹುಡುಗಿಯೊಬ್ಬಳು ಯೀಸ್ಟ್ ಉಸಿರಾಟದ ಮೇಲೆ ಉಷ್ಣತೆಯ ಪರಿಣಾಮ ಅಳೆದು 5, 4, 3, 3 ಪಡೆದಳು ಎನ್ನಿ. ಐಬಿ ಕಡತಕ್ಕೆ 15 ಎಂದು ಬರೆದರೆ ಮುಗಿಯಿತು. ಹ್ಯೋತೇಗೆ ಅದೇ ಕೆಲಸವನ್ನು ಇನ್ನೊಮ್ಮೆ ಬಿಡಿಸಬೇಕು. ಮಾಪನದ ನಿಖರತೆ, ಗ್ರಾಫ್, ಲೆಕ್ಕ ಮೊದಲ ನೋಟಕ್ಕೆ. ವಿನ್ಯಾಸಕ್ಕೆ ಕೊಟ್ಟ ಕಾರಣ, ತೀರ್ಮಾನದ ವಾದ ಎರಡನೆಯದಕ್ಕೆ. ಮೂರನೆಯ ನೋಟಕ್ಕೆ ಐಬಿಯ 24 ಅಂಕಗಳಲ್ಲಿ ಎಲ್ಲಿಯೂ ಜಾಗವಿಲ್ಲ. ಅದಕ್ಕೆ ನಿಮಗೆ ಬೇಕಾಗುವುದು ಆ ಹುಡುಗಿಯ ಲ್ಯಾಬ್ ಪುಸ್ತಕ: ಮೊದಲ ಪ್ರಯೋಗ ಕೆಟ್ಟಾಗ ಏನು ಬದಲಿಸಿದಳು, ಸಲಹೆಯ ನಂತರ ಕರಡಿನಲ್ಲಿ ಏನು ತಿದ್ದಿದಳು. ಈ ಪುಸ್ತಕವನ್ನು ಮೊದಲ ದಿನದಿಂದ ಇಡಿಸಿದರೆ ಮೂರನೆಯ ನೋಟಕ್ಕೆ ಸಾಕ್ಷಿ ಸಿಗುತ್ತದೆ. ಬರಹ ಅವಳದೇ ಎಂದು ಐಬಿಗೆ ದೃಢೀಕರಿಸಲೂ ಅದೇ ಆಧಾರ. ಒಂದೇ ದಾಖಲೆ ಎರಡೂ ಕಡೆ ನಡೆಯುವಂತೆ ನೋಡಿಕೊಳ್ಳುವುದೇ ಇಲ್ಲಿನ ಜಾಣತನ.

ಎಚ್ಚರಿಕೆ: ಐಬಿಯ 4ನ್ನು ಹ್ಯೋತೇಯ 3 ಎಂದು ನೇರವಾಗಿ ಇಳಿಸಬೇಡಿ. ವಿಶ್ವವಿದ್ಯಾಲಯಗಳ ಶಿಫಾರಸು ಪ್ರವೇಶಕ್ಕೆ ಹ್ಯೋತೇಯ ಸರಾಸರಿ ನೋಡುತ್ತಾರೆ. ಕಠಿಣ ಕೋರ್ಸು ಆರಿಸಿಕೊಂಡ ಮಗು ಆ ಕಾರಣಕ್ಕೇ ಪಕ್ಕದ ತರಗತಿಯ ಮಗುವಿಗಿಂತ ಹಿಂದೆ ಬೀಳಬಾರದು. ಹೆಚ್ಚಿನ ಶಾಲೆಗಳಲ್ಲಿ ಪರಿವರ್ತನೆಗೆ ಒಳನಿಯಮ ಇರುತ್ತದೆ. ಇಲ್ಲದಿದ್ದರೆ ಐಬಿ ಸಂಯೋಜಕರು, ಕ್ಯೋಮು ಎಂದು ಕರೆಯುವ ಶೈಕ್ಷಣಿಕ ವಿಭಾಗ ಇಬ್ಬರನ್ನೂ ಕೂರಿಸಿ, ಮೊದಲ ಅವಧಿಯ ಅಂಕ ಹೊರಬೀಳುವ ಮುನ್ನ ಬರಹದಲ್ಲಿ ಇತ್ಯರ್ಥ ಮಾಡಿಕೊಳ್ಳಿ.

5. ಮೌನದ ತರಗತಿಯಲ್ಲಿ ಪಾಠ

ದ್ವಿಭಾಷಾ ಡಿಪ್ಲೊಮಾದಲ್ಲಿ ಆರು ವಿಷಯಗಳ ಪೈಕಿ ಸಾಮಾನ್ಯವಾಗಿ ನಾಲ್ಕನ್ನು ಜಪಾನಿಯಲ್ಲಿ ಓದುತ್ತಾರೆ. ಇಂಗ್ಲಿಷ್‌ನಲ್ಲಿ ಓದಲೇಬೇಕಾದ ಎರಡರಲ್ಲಿ ಒಂದು ಇಂಗ್ಲಿಷ್ ಭಾಷೆಯೇ, ಇನ್ನೊಂದು ಗಣಿತವೋ ವಿಜ್ಞಾನವೋ ಕಲೆಯೋ. ಆ ಇನ್ನೊಂದು ನಿಮ್ಮದು. ಅಂದರೆ ದಿನವಿಡೀ ಜಪಾನಿಯಲ್ಲಿ ಯೋಚಿಸಿದ ಮಕ್ಕಳು ನಿಮ್ಮ ಕೋಣೆಗೆ ಬಂದಾಗ ಮಾತ್ರ ಭಾಷೆ ಬದಲಿಸಬೇಕು.

ಕನ್ನಡ ಮಾಧ್ಯಮದಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿ ಪಿಯುಸಿ ವಿಜ್ಞಾನಕ್ಕೆ ಬಂದವರನ್ನು ನೋಡಿದ್ದರೆ ಈ ಮೌನ ನಿಮಗೆ ಪರಿಚಿತವೇ. ಉತ್ತರ ಗೊತ್ತಿರುತ್ತದೆ, ಇಂಗ್ಲಿಷ್‌ನಲ್ಲಿ ವಾಕ್ಯ ಕಟ್ಟುವಷ್ಟರಲ್ಲಿ ಪ್ರಶ್ನೆ ಮುಂದಿನ ಬೆಂಚಿಗೆ ಹೋಗಿರುತ್ತದೆ. ಜಪಾನಿನಲ್ಲಿ ಅದರ ಮೇಲೆ ಇನ್ನೊಂದು ಸಂಕೋಚ ಇದೆ: ಎಲ್ಲರೆದುರು ತಪ್ಪಾಡುವುದೂ ಕಷ್ಟ, ಎಲ್ಲರಿಗಿಂತ ಮೊದಲು ಸರಿ ಹೇಳುವುದೂ ಕಷ್ಟ. ಆದ್ದರಿಂದ ‘ಮಾತಾಡಿ, ಮಾತಾಡಿ’ ಎಂದು ಒತ್ತಾಯಿಸಿ ಪ್ರಯೋಜನವಿಲ್ಲ. ಯೋಚಿಸಲು ಸಮಯ ಕೊಡಿ, ಮಾತನ್ನು ಒಬ್ಬರ ತಲೆಗೆ ಕಟ್ಟದೆ ಹಂಚಿ. 50 ನಿಮಿಷದ ಪಾಠಕ್ಕೆ ಈ ಕ್ರಮ ನೋಡಿ:

• ಮೊದಲ 5 ನಿಮಿಷ: ಇಂದಿನ ಐದಾರು ಪದಗಳು ಬೋರ್ಡಿನ ಮೇಲೆ, ಪಕ್ಕದಲ್ಲಿ ಜಪಾನಿ ಪದ. ಬರೆಯುವವರು ಮಕ್ಕಳೇ. ನಿಮಗೆ ಜಪಾನಿ ಬರದಿದ್ದರೂ ಇದು ನಡೆಯುತ್ತದೆ.
• 15 ನಿಮಿಷ: ನಿಮ್ಮ ವಿವರಣೆ. ವಾಕ್ಯಗಳು ಚಿಕ್ಕವಿರಲಿ, ಚಿತ್ರ ಹೆಚ್ಚಿರಲಿ.
• 3 ನಿಮಿಷ: ಒಂದು ಪ್ರಶ್ನೆ ಕೊಟ್ಟು ಎಲ್ಲರೂ ಒಂಟಿಯಾಗಿ ಬರೆಯಲಿ. ಯಾವ ಭಾಷೆಯಾದರೂ ಸರಿ.
• 5 ನಿಮಿಷ: ಪಕ್ಕದವರೊಡನೆ ಚರ್ಚೆ. ಇಲ್ಲೂ ಜಪಾನಿಗೆ ಅಡ್ಡಿಯಿಲ್ಲ.
• 7 ನಿಮಿಷ: ಪ್ರತಿ ಜೋಡಿಯಿಂದ ಒಂದು ವಾಕ್ಯ, ಇಂಗ್ಲಿಷ್‌ನಲ್ಲಿ. ‘ನಾವಿಬ್ಬರೂ ಹೀಗೆ ಅಂದುಕೊಂಡೆವು’ ಎಂದು ಹೇಳಬಹುದಾದ್ದರಿಂದ ತಪ್ಪಿನ ಭಾರ ಹಂಚಿಹೋಗುತ್ತದೆ.
• ಉಳಿದ 15 ನಿಮಿಷ: ಹಳೆಯ ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆಗೆ ಬರಹದ ಉತ್ತರ, ಇಂಗ್ಲಿಷ್‌ನಲ್ಲಿ ಮಾತ್ರ.

ಐಬಿ ಪ್ರಶ್ನೆಗಳ ಕ್ರಿಯಾಪದಗಳನ್ನು ಬೇರೆಯಾಗಿಯೇ ಕಲಿಸಬೇಕು. ಸ್ಟೇಟ್, ಔಟ್‌ಲೈನ್, ಎಕ್ಸ್‌ಪ್ಲೇನ್, ಡಿಸ್ಕಸ್ ಎಲ್ಲಕ್ಕೂ ಒಂದೇ ಅಳತೆಯ ಉತ್ತರ ಬರೆಯುವ ಮಕ್ಕಳು ವಿಷಯ ಗೊತ್ತಿದ್ದೂ ಅಂಕ ಕಳೆದುಕೊಳ್ಳುತ್ತಾರೆ. ಒಂದೇ ಸಂಗತಿಗೆ ನಾಲ್ಕು ಉತ್ತರ ಬರೆಸಿ. ಉಷ್ಣತೆ ಒಂದು ಮಿತಿ ಮೀರಿದರೆ ಕಿಣ್ವದ ವೇಗ ಇಳಿಯುತ್ತದೆ ಎಂಬುದು ಸ್ಟೇಟ್‌ಗೆ ಸಾಕು. ಎಕ್ಸ್‌ಪ್ಲೇನ್ ಎಂದಾಗ ಕಿಣ್ವದ ಆಕಾರ ಕೆಡುವುದು, ಸಕ್ರಿಯ ತಾಣಕ್ಕೆ ಪದಾರ್ಥ ಕೂರದಿರುವುದು, ಹಾಗಾಗಿ ವೇಗ ಇಳಿಯುವುದು, ಹೀಗೆ ಕಾರಣದ ಸರಪಣಿ ಬರಬೇಕು. ಮಾದರಿಗಳನ್ನು ಅಕ್ಕಪಕ್ಕ ಗೋಡೆಗೆ ಅಂಟಿಸಿ. ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣುತ್ತದೆ.

6. ಸ್ಟಾಫ್ ರೂಮಿನ ರೀತಿ

ಶೊಕುಇನ್‌ಶಿತ್ಸು ಎಂದು ಕರೆಯುವ ಸ್ಟಾಫ್ ರೂಮ್ ದೊಡ್ಡ ಹಜಾರ. ಮೇಜುಗಳು ತರಗತಿವಾರು ಗುಂಪುಗಳಾಗಿ ಮುಖಾಮುಖಿ ಇರುತ್ತವೆ. ವಿಷಯ ಬೋಧಕರೆಲ್ಲ ಒಂದೆಡೆ ಕೂರುವುದು ಕಡಿಮೆ. ಹನ್ನೊಂದನೆಯ ತರಗತಿಯ ಗಣಿತ, ಇತಿಹಾಸ, ಕ್ರೀಡೆ ಶಿಕ್ಷಕರು ಒಂದೇ ಗುಂಪು. ಬೆಳಗಿನ ಚೋರೇ ಸಭೆ ಐದು ನಿಮಿಷವೂ ಇರುವುದಿಲ್ಲ. ಎಲ್ಲರೂ ಎದ್ದು ವಂದಿಸುತ್ತಾರೆ. ಉಪಪ್ರಾಂಶುಪಾಲರು, ಅಂದರೆ ಕ್ಯೋತೋ, ನಾಲ್ಕು ಸೂಚನೆ ಓದುತ್ತಾರೆ. ಅದರಲ್ಲೊಂದು, ‘ಇಂದು ತನ್ಶುಕು’. ಅಂದರೆ ಮಧ್ಯಾಹ್ನ ಸಭೆಯಿರುವುದರಿಂದ ಪೀರಿಯಡ್‌ಗಳು ಮೊಟಕು. ಅದು ಕಿವಿಗೆ ಬೀಳದಿದ್ದರೆ ನೀವು 50 ನಿಮಿಷಕ್ಕೆಂದು ಹೂಡಿದ ಪ್ರಯೋಗ ನಡುವೆಯೇ ಗಂಟೆ ಹೊಡೆದು ನಿಲ್ಲುತ್ತದೆ. ಪೂರ್ತಿ ಜಪಾನಿ ಬರದಿದ್ದರೂ ದಿನಾಂಕ, ಸಮಯ, ಕೋಣೆ, ತನ್ಶುಕು, ರದ್ದು ಎಂಬರ್ಥದ ಪದಗಳು ಕಿವಿಗೆ ಹಿಡಿಯುವಂತೆ ಮೊದಲ ತಿಂಗಳೇ ಕಲಿತುಬಿಡಿ. ಸಭೆಯಾದ ಕೂಡಲೇ ಪಕ್ಕದ ಮೇಜಿನವರಲ್ಲಿ ‘ನನಗೆ ಸಂಬಂಧಪಟ್ಟದ್ದು ಏನಾದರೂ ಇತ್ತೇ?’ ಎಂದು ಕೇಳುವ ರೂಢಿ ಇಟ್ಟುಕೊಳ್ಳಿ.

ತೀರ್ಮಾನಗಳ ರೀತಿಯೂ ಬೇರೆ. ಸಭೆಯಲ್ಲಿ ಕೈಯೆತ್ತಿ ಹೊಸ ಪ್ರಸ್ತಾಪ ಮಂಡಿಸಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಆಮೇಲೆ ಏನೂ ಆಗುವುದಿಲ್ಲ. ಸಭೆಗೆ ಬರುವ ಹೊತ್ತಿಗೆ ವಿಷಯ ಒಳಗೊಳಗೇ ಹದವಾಗಿರಬೇಕು. ಇದಕ್ಕೆ ನೆಮವಾಶಿ ಎನ್ನುತ್ತಾರೆ. ಮಾದರಿ ಪರೀಕ್ಷೆಯ ದಿನಾಂಕ ಬದಲಿಸಬೇಕು ಎನ್ನಿ. ಹೀಗೆ ಮಾಡಿ:

• ಕಾರಣ ಮತ್ತು ಎರಡು ಪರ್ಯಾಯ ದಿನಾಂಕ ಬರೆದ ಒಂದು ಪುಟದ ಕಾಗದ ಸಿದ್ಧಪಡಿಸಿ.
• ಮೊದಲು ತರಗತಿ ಮುಖ್ಯಸ್ಥರಿಗೆ, ಅಂದರೆ ಗಕುನೆನ್ ಶುನಿನ್‌ಗೆ ತೋರಿಸಿ. ಅವರ ಅಡ್ಡಿ ಆತಂಕ ಕೇಳಿ ಕಾಗದ ತಿದ್ದಿ.
• ಆಮೇಲೆ ಕ್ಯೋಮು ವಿಭಾಗ. ಅವರು ಒಪ್ಪಿದ ಮೇಲೆ ಸಭೆಯ ಪಟ್ಟಿಗೆ ಸೇರಿಸಿ.
• ಹೊಸ ದಿನಾಂಕ ಮಕ್ಕಳಿಗೆ ತಿಳಿಸುವುದು ಕೊನೆಗೆ. ಮೊದಲೇ ಬಾಯಿ ಬಿಟ್ಟರೆ ಮೇಲಿನ ಮೂರೂ ಹೆಜ್ಜೆ ವ್ಯರ್ಥ.

ಸಣ್ಣದಿರಲಿ ದೊಡ್ಡದಿರಲಿ, ವರದಿ ಮಾಡು, ತಿಳಿಸು, ಕೇಳು ಎಂಬ ಮೂರರ ಕ್ರಮಕ್ಕೆ ಹೋ-ರೆನ್-ಸೋ ಎನ್ನುತ್ತಾರೆ. ಮಗುವಿಗೆ ಲ್ಯಾಬಿನಲ್ಲಿ ಬೆರಳು ತುಸು ಸುಟ್ಟರೂ ಅದು ಆ ದಿನವೇ ತರಗತಿ ಶಿಕ್ಷಕರಾದ ತನ್ನಿನ್‌ಗೆ ತಿಳಿಯಬೇಕು. ಮನೆಯವರೊಡನೆ ಮಾತಾಡುವುದು ಅವರ ಹೊಣೆ, ನಿಮ್ಮದಲ್ಲ.

7. ಪೋಷಕರು, ಪ್ರವೇಶ, ಮುನ್ನಂದಾಜು ಗ್ರೇಡು

ಐಬಿ ಫಲಿತಾಂಶ ಬರುವುದು ನವೆಂಬರ್ ಪರೀಕ್ಷೆ ಮುಗಿದ ಮೇಲೆ. ಜಪಾನಿನ ವಿಶ್ವವಿದ್ಯಾಲಯಗಳ ಸಮಗ್ರ ಆಯ್ಕೆ ಪದ್ಧತಿಗೆ ಅರ್ಜಿ ಸೆಪ್ಟೆಂಬರ್‌ನಿಂದಲೇ ಶುರು. ಆದ್ದರಿಂದ ನೀವು ಕೊಡುವ ಮುನ್ನಂದಾಜು ಗ್ರೇಡು ಮಗುವಿನ ದಾರಿಯನ್ನು ನಿರ್ಧರಿಸಬಹುದು. ಬೇಸಿಗೆ ರಜೆಗೆ ಮುನ್ನ ಒಂದು ಪೂರ್ಣ ಮಾದರಿ ಪರೀಕ್ಷೆ ಮಾಡಿ, ಅದರ ಆಧಾರದ ಮೇಲೆಯೇ ಅಂದಾಜು ಹಾಕಿ, ಉತ್ತರಪತ್ರಿಕೆ ಕಾಪಾಡಿಕೊಳ್ಳಿ. ಕೇಳಿದಾಗ ತೋರಿಸಲು ಕಾಗದ ಇದ್ದರೆ ಒತ್ತಡ ತಾನಾಗಿ ತಗ್ಗುತ್ತದೆ.

ಪೋಷಕರಿಗೆ ಇನ್ನೊಂದು ಅಳುಕು ಇರುತ್ತದೆ: ಮಗು ಐಬಿಯಲ್ಲಿ ಮುಳುಗಿದರೆ ಜನವರಿ ಮಧ್ಯದಲ್ಲಿ ನಡೆಯುವ ದೇಶವ್ಯಾಪಿ ಸಾಮಾನ್ಯ ಪರೀಕ್ಷೆಗೆ ತಯಾರಿ ಹೇಗೆ? ಎರಡಕ್ಕೂ ಪೂರ್ತಿ ತಯಾರಾಗುವುದು ಹೆಚ್ಚಿನ ಮಕ್ಕಳಿಗೆ ಆಗದ ಮಾತು. ಆದರೆ ಆ ಸಲಹೆ ವಿದೇಶಿ ಬೋಧಕರ ಬಾಯಿಂದ ಬರುವುದು ಸರಿಯಲ್ಲ. ತನ್ನಿನ್ ಮತ್ತು ಪ್ರವೇಶ ಮಾರ್ಗದರ್ಶನ ವಿಭಾಗ ಹೇಳಲಿ. ಮಗು ನಿಮ್ಮ ವಿಷಯದಲ್ಲಿ ಎಲ್ಲಿದೆ, ಇನ್ನೇನು ಮಾಡಬೇಕು ಎಂಬುದಕ್ಕಷ್ಟೇ ನಿಮ್ಮ ಮಾತು ಸೀಮಿತವಾಗಿರಲಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಒಂದು, ಶಾಲಾ ಹಬ್ಬಗಳನ್ನು ಪಾಠ ತಿನ್ನುವ ಕಿರಿಕಿರಿ ಎಂದು ನೋಡುವುದು. ತರಗತಿಯಲ್ಲಿ ಬಾಯಿ ಬಿಡದ ಹುಡುಗ ಕ್ರೀಡಾದಿನದ ತಂಡ ನಡೆಸುವುದನ್ನು ನೋಡಿ. ಡಿಪ್ಲೊಮಾದ ಕ್ಯಾಸ್ ಭಾಗಕ್ಕೆ ಬೇಕಾದ ಅನುಭವವೂ ಅಲ್ಲಿ ಸಿಗಬಹುದು.

ಎರಡು, ತರ್ಜುಮೆ ಆ್ಯಪ್‌ಗಳನ್ನು ಕಂಡೂ ಕಾಣದಂತೆ ಇರುವುದು. ಮಗು ಜಪಾನಿಯಲ್ಲಿ ಬರೆದು ಯಂತ್ರದಿಂದ ಇಂಗ್ಲಿಷ್ ಮಾಡಿಸಿ ತಂದರೆ, ಕೊನೆಯ ಕ್ಷಣದಲ್ಲಿ ಬರಹ ಯಾರದೆಂಬ ಪ್ರಶ್ನೆ ಏಳುತ್ತದೆ. ಏನು ಬಳಸಬಹುದು, ಏನು ಕೂಡದು ಎಂಬುದನ್ನು ಶಾಲೆಯ ಪ್ರಾಮಾಣಿಕತಾ ನೀತಿಯಂತೆ ಏಪ್ರಿಲ್‌ನಲ್ಲೇ ಹೇಳಿ, ಕರಡುಗಳನ್ನು ಉಳಿಸಿಕೊಳ್ಳಲು ಹೇಳಿ.

ಮೂರು, ಐಬಿ ಬೋಧಕರು ತಮ್ಮತಮ್ಮಲ್ಲೇ ಇಂಗ್ಲಿಷ್‌ನಲ್ಲಿ ಗುಂಪುಗೂಡುವುದು. ಉಳಿದ ಶಿಕ್ಷಕರ ಸಹಕಾರವಿಲ್ಲದೆ ಲ್ಯಾಬೂ ಸಿಗದು, ಪೀರಿಯಡ್ಡೂ ಸಿಗದು.

ನಾಲ್ಕು, ತೆರೆದ ಪ್ರಶ್ನೆಗಳ ಕಲಿಕೆಯೇ ಶ್ರೇಷ್ಠ, ಜಪಾನಿ ಪದ್ಧತಿ ಬರೀ ಕಂಠಪಾಠ ಎಂಬ ಮಾತು. ಲೆಕ್ಕದಲ್ಲಿ, ಪ್ರಯೋಗದ ಶಿಸ್ತಿನಲ್ಲಿ ಈ ಮಕ್ಕಳಿಗೆ ಗಟ್ಟಿ ತಳಪಾಯ ಇರುತ್ತದೆ. ಅದರ ಮೇಲೆ ಕಟ್ಟಿ.

ಹಣ, ಒಪ್ಪಂದ: ಕೆಲವು ಎಚ್ಚರಿಕೆ

ಹುದ್ದೆಯ ಬಗೆ ನೋಡಿ ಸಹಿ ಹಾಕಿ. ಕಾಯಂ ಹುದ್ದೆ, ವರ್ಷ ವರ್ಷ ನವೀಕರಿಸುವ ಪೂರ್ಣಾವಧಿ ಹುದ್ದೆ, ಪೀರಿಯಡ್ ಲೆಕ್ಕದ ಅರೆಕಾಲಿಕ ಹುದ್ದೆ, ಈ ಮೂರಕ್ಕೂ ಸಂಬಳದಲ್ಲಿ ಭಾರೀ ಅಂತರ. ಪೀರಿಯಡ್ ಲೆಕ್ಕದವರಿಗೆ ಆಗಸ್ಟ್ ರಜೆಯ ಸಂಬಳ ಉಂಟೋ ಇಲ್ಲವೋ ಮೊದಲೇ ಕೇಳಿ. 2013ರಲ್ಲಿ ಜಾರಿಗೆ ಬಂದ ತಿದ್ದುಪಡಿಯಂತೆ, ಅವಧಿ ಒಪ್ಪಂದಗಳು ಒಟ್ಟು 5 ವರ್ಷ ದಾಟಿದರೆ ಕಾಯಂ ಅವಧಿಗೆ ಬದಲಿಸುವಂತೆ ಕೇಳುವ ಹಕ್ಕಿದೆ. ಆ ಕಾರಣಕ್ಕೇ ಕೆಲವೆಡೆ ನವೀಕರಣಕ್ಕೆ ಮಿತಿ ಹಾಕುತ್ತಾರೆ. ಮಿತಿ ಇದೆಯೇ ಎಂದು ಒಪ್ಪಂದದಲ್ಲಿ ಹುಡುಕಿ.

ನಿವಾಸಿ ತೆರಿಗೆ ಹಿಂದಿನ ವರ್ಷದ ಆದಾಯದ ಮೇಲೆ ಬರುವುದರಿಂದ ಮೊದಲ ವರ್ಷ ಕೈಗೆ ಹೆಚ್ಚು ಹಣ ಸಿಕ್ಕಂತೆ ಕಾಣುತ್ತದೆ. ಎರಡನೆಯ ವರ್ಷದ ಜೂನ್‌ನಿಂದ ಕಡಿತ ಶುರು. ಭಾರತ ಮತ್ತು ಜಪಾನ್ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2016ರ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಜಪಾನ್ ಬಿಟ್ಟ ಮೇಲೆ ಪಿಂಚಣಿಯ ಹಣವನ್ನು ಒಂದೇ ಗಂಟಾಗಿ ವಾಪಸ್ ಪಡೆಯಲು 2 ವರ್ಷದೊಳಗೆ ಅರ್ಜಿ ಹಾಕಬೇಕು. ಆದರೆ ಹಾಗೆ ಪಡೆದರೆ ಆ ವರ್ಷಗಳು ಪಿಂಚಣಿಯ ಲೆಕ್ಕದಿಂದ ಹೋಗುತ್ತವೆ. ಯಾವುದು ಲಾಭ ಎಂದು ಲೆಕ್ಕಪರಿಶೋಧಕರನ್ನು ಕೇಳಿ.

ಬಿಡುವಿನಲ್ಲಿ ಮನೆಪಾಠ ಹೇಳಿ ಸಂಪಾದಿಸುವುದು ನಮ್ಮಲ್ಲಿ ಸಾಮಾನ್ಯ. ಅಲ್ಲಿ ವೀಸಾ ವರ್ಗದ ಹೊರಗಿನ ಕೆಲಸಕ್ಕೆ ವಲಸೆ ಇಲಾಖೆಯ ಅನುಮತಿ ಬೇಕು, ಶಾಲೆಯ ಒಪ್ಪಿಗೆಯೂ ಬೇಕು. ಅವಲಂಬಿತ ವೀಸಾದಲ್ಲಿ ಬರುವ ಪತಿ ಅಥವಾ ಪತ್ನಿ ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಶಾಲೆ ಬದಲಿಸಿದರೆ 14 ದಿನಗಳೊಳಗೆ ವಲಸೆ ಇಲಾಖೆಗೆ ತಿಳಿಸಬೇಕು.

ಸಂದರ್ಶನದಲ್ಲಿ ನೀವು ಕೇಳಬೇಕಾದ ಐದು ಪ್ರಶ್ನೆ

1. ನನ್ನ ವಿಷಯಕ್ಕೆ ವಾರಕ್ಕೆ ಎಷ್ಟು ಪೀರಿಯಡ್? ಅಂತಿಮ ವರ್ಷದ ಅಕ್ಟೋಬರ್‌ವರೆಗೆ ಒಟ್ಟು ಎಷ್ಟು?
2. ನನಗೆ ಯಾವ ಪರವಾನಗಿಗೆ ಅರ್ಜಿ ಹಾಕುತ್ತೀರಿ? ಅದು ಬರುವ ತನಕ ಅಂಕಪಟ್ಟಿಯಲ್ಲಿ ಯಾರ ಹೆಸರು?
3. ಐಬಿ ಗ್ರೇಡನ್ನು ಹ್ಯೋತೇಗೆ ಪರಿವರ್ತಿಸುವ ಒಳನಿಯಮ ಬರಹದಲ್ಲಿದೆಯೇ?
4. ಪಾಠವಲ್ಲದೆ ಇನ್ನೇನು ಹೊಣೆ? ಸಹ ತರಗತಿ ಶಿಕ್ಷಕರಾಗಬೇಕೇ, ಕ್ಲಬ್ ನೋಡಿಕೊಳ್ಳಬೇಕೇ, ಶನಿವಾರ ಶಾಲೆ ಇದೆಯೇ?
5. ಈ ಹುದ್ದೆಯಲ್ಲಿ ನನಗಿಂತ ಮೊದಲು ಇದ್ದವರೊಡನೆ ಮಾತಾಡಬಹುದೇ?

ಮೊದಲ ಮೂರಕ್ಕೆ ಸಂಖ್ಯೆ, ಹೆಸರು, ಕಾಗದ ಸಮೇತ ಉತ್ತರ ಕೊಡುವ ಶಾಲೆ ಎರಡು ಲೆಕ್ಕವನ್ನು ಒಟ್ಟಿಗೆ ನಿಭಾಯಿಸಲು ಕಲಿತಿದೆ ಎಂದು ನಂಬಬಹುದು. ‘ಬಂದ ಮೇಲೆ ನೋಡೋಣ’ ಎಂಬ ಉತ್ತರ ಬಂದರೆ ಆ ಲೆಕ್ಕ ನಿಮ್ಮ ತಲೆಗೇ ಬೀಳುತ್ತದೆ. ಅದಕ್ಕೆ ತಯಾರಿದ್ದರೆ ಮಾತ್ರ ಸಹಿ ಹಾಕಿ.